ಹೊಳೆಬಾಗಿಲಿಗೆ ಸೇತುವೆ ಬಂದ ಕಥೆ

(ಸಾಗರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸುಮಾರು 130 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಸಮುದ್ರಕ್ಕೆ ಸೇರುವ ಜಾಗ ಅಂದಮೇಲೆ ಹೊಳೆ ಅಲ್ಲಿ ಎಷ್ಟು ಅಗಲ ಇರಬೇಕು ಯೋಚಿಸಿ. ಅಲ್ಲಿ ಕೊಂಕಣ ರೈಲಿನ ಸೇತುವೆ ಇದೆ. ಅದರ ಉದ್ದ 2 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕೊಂಕಣ ರೈಲು ಮಾರ್ಗದಲ್ಲೇ ಅದು ಅತಿ ಉದ್ದದ ಸೇತುವೆ.

ಈಗ ನಮ್ಮ ಹೊಳೆಬಾಗಿಲಿನ ಸೇತುವೆಗೆ, ಅಂದರೆ ಸಿಗಂದೂರು ಸೇತುವೆಗೆ ಬನ್ನಿ. ಸಾಗರ ತಾಲ್ಲೂಕಿನ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. ಜೋಗಕ್ಕಿಂತ ಮೇಲೆ, ಗುಡ್ಡದ ನಡುವೆ, ಸಮುದ್ರದಿಂದ ಅಷ್ಟು ದೂರದಲ್ಲಿ, ಅದೇ ಹೊಳೆಗೆ ಸಮುದ್ರದ ಬಾಯಲ್ಲಿ ಇರುವುದಕ್ಕಿಂತ ಉದ್ದದ ಸೇತುವೆ ಬೇಕಾಯಿತು. ಇದು ಹೇಗೆ? ಹೊಳೆ ಮುಂದೆ ಹೋದ ಹಾಗೆ ತಾನೇ ಅಗಲ ಆಗುವುದು?

ಇದಕ್ಕೆ ಉತ್ತರ ನಿಮಗೆಲ್ಲ ಗೊತ್ತು. ಆದರೂ ಕೇಳಿದೆ. ಯಾಕೆಂದರೆ ಈ ಸೇತುವೆಯ ಬಗ್ಗೆ ಮಾತಾಡುವವರು ಹೆಚ್ಚಾಗಿ 2025ರಿಂದ ಶುರು ಮಾಡುತ್ತಾರೆ. ಕೇಬಲ್ಲು, ಕಂಬ, ಕೋಟಿ ರೂಪಾಯಿ. ನಾನು ನೀರಿನಿಂದ ಶುರು ಮಾಡಬೇಕು ಅಂತಿದ್ದೇನೆ. ಆ ನೀರು ಅಲ್ಲಿ ತಾನಾಗಿ ನಿಂತದ್ದಲ್ಲ, ನಿಲ್ಲಿಸಿದ್ದು.

1940ರ ದಶಕದಲ್ಲಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ, ಅಂದರೆ ಈಗ ನಾವು ಮಹಾತ್ಮ ಗಾಂಧಿ ವಿದ್ಯುದಾಗಾರ ಅನ್ನುವುದಕ್ಕೆ, ನೀರು ಕೊಡಲು ಕಟ್ಟಿದ ಅಣೆಕಟ್ಟು ಅದು. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆ ಅಣೆಕಟ್ಟಿನಲ್ಲಿ ಗಣೇಶ್ ಅಯ್ಯರ್ ಅನ್ನುವ ಎಂಜಿನಿಯರ್ ರೂಪಿಸಿದ ಸೈಫನ್‌ಗಳಿವೆ. ನೀರು ಒಂದು ಮಟ್ಟ ದಾಟಿದರೆ ಯಾರೂ ಬಾಗಿಲು ಎತ್ತಬೇಕಾಗಿಲ್ಲ. ಸೈಫನ್ ತಾನೇ ನೀರು ಎಳೆದು ಹೊರಗೆ ಹಾಕುತ್ತದೆ. ದುಂಡಗಿನ, ದೊಡ್ಡ ಹೂವಿನ ಹಾಗೆ ಬಾಯಿ ಬಿಟ್ಟ ಕಟ್ಟಡಗಳು. ಮಳೆ ಕಮ್ಮಿಯಾದ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಅವು ಹೊರಗೆ ಬರುತ್ತವೆ. ನೋಡದೆ ಇದ್ದವರು ಒಮ್ಮೆ ಹೋಗಿ ನೋಡಿ.

ಆ ಅಣೆಕಟ್ಟನ್ನೇ ಮುಳುಗಿಸಿದ ಇನ್ನೊಂದು ಅಣೆಕಟ್ಟು ಲಿಂಗನಮಕ್ಕಿ. 1964. ಪೂರ್ತಿ ತುಂಬಿದಾಗ ನೀರಿನ ಮಟ್ಟ 1819 ಅಡಿ, ಸುಮಾರು 151 ಟಿಎಂಸಿ ನೀರು. 300 ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಹಿನ್ನೀರು ಹರಡಿತು. ಕೆಳಗೆ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, 1035 ಮೆಗಾವಾಟ್. ಒಂದು ಕಾಲಕ್ಕೆ ರಾಜ್ಯದ ಊರೂರಿನ ದೀಪ, ಗಿರಣಿ, ಕಾರ್ಖಾನೆ ಎಲ್ಲ ನಡೆದದ್ದು ಇದರ ಮೇಲೆಯೇ. ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಆ 300 ಚದರ ಕಿಲೋಮೀಟರ್ ಖಾಲಿ ಜಾಗ ಆಗಿರಲಿಲ್ಲ. ಗದ್ದೆ, ಅಡಿಕೆ ತೋಟ, ದೇವಸ್ಥಾನ, ಶಾಲೆ, ಸಂತೆಗೆ ಹೋಗುವ ದಾರಿ, ಎಲ್ಲ ಇತ್ತು.

ನಮ್ಮ ಅಜ್ಜಿಯ ಮನೆ ಅದರಲ್ಲಿ ಹೋಯಿತು. ಜನ ಆಗ ಮನೆ ಬಿಟ್ಟು ಸುಮ್ಮನೆ ಎದ್ದು ಬಂದವರಲ್ಲ. ಹಂಚು ಇಳಿಸಿದರು, ತೊಲೆ ಬಿಚ್ಚಿದರು, ಗಾಡಿಗೆ ಹೇರಿದರು. ಅಜ್ಜಿ ಒಂದು ಬಾಗಿಲುವಾಡ ತಂದಿದ್ದರು. ಹಲಸಿನ ಮರದ್ದು. ಈಗಲೂ ನಮ್ಮ ಮನೆಯ ಅಡುಗೆಮನೆಗೆ ಅದೇ ಬಾಗಿಲುವಾಡ. ಹಳೆ ಕಾಲದ್ದು, ಗಿಡ್ಡ. ಮನೆಯ ಬೇರೆ ಬಾಗಿಲುಗಳಲ್ಲಿ ನೆಟ್ಟಗೆ ನಡೆದು ಹೋಗಬಹುದು. ಅದೊಂದರಲ್ಲಿ ತಲೆ ಬಗ್ಗಿಸಬೇಕು. ಹೊಸ ಸೊಸೆಯಂದಿರು ಮೊದಲ ವಾರ ಹಣೆ ಬಡಿಸಿಕೊಳ್ಳುತ್ತಾರೆ. ಬದಲಾಯಿಸೋಣ ಅಂತ ಎಷ್ಟೋ ಸಲ ಮಾತು ಬಂತು. ಅಜ್ಜಿ ಇರುವ ತನಕ ಬಿಡಲಿಲ್ಲ. ಅವರು ಹೋದ ಮೇಲೆ ನಮಗೇ ಮನಸ್ಸು ಬರಲಿಲ್ಲ.

ಆ ಮನೆ ಇದ್ದಾಗ ಹೊಳೆ ದಾಟುವುದು ಹೇಗಿತ್ತು ಅಂತ ಅಜ್ಜಿಯನ್ನು ಕೇಳಿದ್ದೆ. ಮಳೆಗಾಲದಲ್ಲಿ ದೋಣಿ, ಬೇಸಿಗೆಯಲ್ಲಿ ಸೀರೆ ಎತ್ತಿಕಟ್ಟಿ ಕಲ್ಲಿನ ಮೇಲೆ ಕಾಲಿಟ್ಟು ನಡೆಯುವುದು. ಇಷ್ಟೇ. ಆಚೆ ದಡದಲ್ಲಿ ಕೂಗಿದರೆ ಈಚೆ ದಡಕ್ಕೆ ಕೇಳುತ್ತಿತ್ತಂತೆ. ಹೊಳೆ ದಾಟುವ ಆ ಜಾಗದ ಹೊಳೆಬಾಗಿಲು ಅನ್ನುವ ಹೆಸರನ್ನೇ ನೋಡಿ. ಬಾಗಿಲು ಅಂದರೆ ಒಳಗೆ ಹೊರಗೆ ಓಡಾಡುವ ಜಾಗ. ಅಣೆಕಟ್ಟು ಬಂದ ಮೇಲೆ ಅದೇ ಜಾಗದಲ್ಲಿ ಆಚೆ ದಡ ಒಂದು ಹಸಿರು ಗೆರೆಯ ಹಾಗೆ ಕಾಣುವಷ್ಟು ದೂರ ಹೋಯಿತು.

ಈಗ ನಕ್ಷೆಯ ವಿಷಯ. ಕರೂರು ಹೋಬಳಿ, ಬಾರಂಗಿ ಹೋಬಳಿಯ ಆ ಭಾಗವನ್ನು ಪೇಟೆಯವರು ದ್ವೀಪ ಅನ್ನುತ್ತಾರೆ. ನಿಜವಾಗಿ ದ್ವೀಪ ಅಲ್ಲ. ಮೂರು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಆ ಕಾಡು ಈಗ ಶರಾವತಿ ಕಣಿವೆಯ ಅಭಯಾರಣ್ಯ. ಸಿಂಗಳೀಕಗಳು ಇರುವ ಕಾಡು, ಅದನ್ನು ಉಳಿಸಿಕೊಳ್ಳಲೇಬೇಕು. ನೀರಿನ ಕಡೆ ದಾರಿ ಮುಚ್ಚಿತು, ಕಾಡಿನ ಕಡೆ ದಾರಿ ಅಗಲ ಮಾಡುವುದು ಕಷ್ಟವಾಯಿತು. ತುಮರಿ, ಬ್ಯಾಕೋಡು, ಕುದರೂರು, ಚನ್ನಗೊಂಡದ ಜನ ಮಧ್ಯದಲ್ಲಿ ಉಳಿದರು.

ಆಗ ಬಂದದ್ದು ಲಾಂಚ್.

ಲಾಂಚನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ನಾವೆಲ್ಲ ಅದರ ಮೇಲೇ ಬೆಳೆದವರು. ಕಬ್ಬಿಣದ ಒಂದು ದೊಡ್ಡ ತಟ್ಟೆಯ ಹಾಗಿರುತ್ತಿತ್ತು. ಬಸ್ಸು, ಜೀಪು, ಕಾರು, ಬೈಕು, ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ಮದುವೆ ದಿಬ್ಬಣ, ಎಲ್ಲ ಒಂದೇ ತಟ್ಟೆಯ ಮೇಲೆ. ಗಾಡಿ ಹತ್ತಿಸುವ ಹೊತ್ತು ನೋಡಬೇಕಿತ್ತು ನೀವು. ಮುಂದಿನ ಹಲಗೆ ದಡಕ್ಕೆ ತಾಗಿದ ಕೂಡಲೇ ಸಿಬ್ಬಂದಿಯ ಒಬ್ಬರು ಇಳಿದು ನಿಲ್ಲುವರು. ಡ್ರೈವರನ ಮುಖ ನೋಡುತ್ತ ಎರಡೂ ಕೈಯಲ್ಲಿ ಕರೆಯುವರು. "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಬರ್ಲಿ, ಸಾಕು!" ಎರಡು ಕಾರಿನ ನಡುವೆ ಒಂದು ಗೇಣು ಜಾಗ. ಬಾಗಿಲು ತೆರೆಯಲು ಆಗದೆ ಒಳಗಿದ್ದವರು ಒಳಗೇ. ಗಾಡಿ ಹತ್ತಿದ ಹಾಗೆ ತಟ್ಟೆ ಒಂದು ಕಡೆಗೆ ಸ್ವಲ್ಪ ಬಾಗುತ್ತಿತ್ತು, ಮತ್ತೆ ಸರಿಹೋಗುತ್ತಿತ್ತು. ಘಟ್ಟದ ಕೆಳಗಿನಿಂದ ಮೊದಲ ಸಲ ಬಂದ ಡ್ರೈವರುಗಳ ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ನಮ್ಮೂರಿನ ಹುಡುಗರು ಮಾತ್ರ ಬೈಕಿನ ಮೇಲೆ ಕೂತೇ ಹತ್ತುತ್ತಿದ್ದರು.

ಆಚೆ ದಡ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ. ಪ್ರಯಾಣದಲ್ಲಿ ಕಷ್ಟ ಏನೂ ಇರಲಿಲ್ಲ. ಕಷ್ಟ ಇದ್ದದ್ದು ಅದರ ಗಡಿಯಾರದಲ್ಲಿ. ಬೆಳಿಗ್ಗೆ ಶುರುವಾಗಿ ಸಂಜೆ ಆರರ ಹೊತ್ತಿಗೆ ಲಾಂಚ್ ನಿಲ್ಲುತ್ತಿತ್ತು. ಸಾಗರಕ್ಕೆ ಬಂದ ಹೊಳೆಯಾಚೆಯ ಮನುಷ್ಯನನ್ನು ಗುರುತು ಹಿಡಿಯುವುದು ಬಹಳ ಸುಲಭವಿತ್ತು. ಮಧ್ಯಾಹ್ನ ಮೂರಾದ ಮೇಲೆ ಅವನು ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಅಡಿಕೆ ಮಂಡಿಯಲ್ಲಿ ಚೀಟಿ ಬರೆಯುವುದು ತಡವಾದರೆ ಬಂದ ದರಕ್ಕೆ ಒಪ್ಪಿ ಎದ್ದುಬಿಡುತ್ತಿದ್ದ. ತಾಲ್ಲೂಕು ಕಚೇರಿಯಲ್ಲಿ ಸರತಿ ಉದ್ದ ಇದ್ದರೆ ನಾಳೆ ಬರೋಣ ಅಂತ ತಿರುಗುತ್ತಿದ್ದ. ನಾಳೆ ಅಂದರೆ ಇನ್ನೊಂದು ದಿನದ ಕೂಲಿ, ಇನ್ನೊಂದು ಸಲ ಲಾಂಚು. ನಾನು ಇಲ್ಲಿ ಸಾಗರದಲ್ಲಿ ಓದುವಾಗ ಕಾಲೇಜಿನ ಒಂದೇ ಒಂದು ಸಂಜೆಯ ಕಾರ್ಯಕ್ರಮ ನೋಡಲಿಲ್ಲ. ನಾಟಕ ಶುರುವಾಗುವ ಹೊತ್ತಿಗೆ ನಾನು ಹೊಳೆಬಾಗಿಲಲ್ಲಿ ಇರಬೇಕಿತ್ತು.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇತ್ತು. ವಿದ್ಯುತ್ತಿಗೆ ನೀರು ಬಿಟ್ಟ ಹಾಗೆ ಹಿನ್ನೀರು ಇಳಿಯುತ್ತದೆ. ದಡ ಹಿಂದೆ ಸರಿಯುತ್ತದೆ. ಲಾಂಚ್ ನಿಲ್ಲುವ ಜಾಗವನ್ನೇ ಮುಂದೆ ಮುಂದೆ ಹಾಕಬೇಕಿತ್ತು. ನೀರು ತೀರಾ ಕಮ್ಮಿಯಾದರೆ ಗಾಡಿ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. 2023ರ ಜೂನ್‌ನಲ್ಲಿ ಮಳೆ ತಡವಾದಾಗಲೂ ಹಾಗೇ ಆಯಿತು. ಆ ದಿನಗಳಲ್ಲಿ ನೀರಿನ ನಡುವೆ ಕರೀ ಬೊಡ್ಡೆಗಳು ಕಾಣುತ್ತವೆ. 1964ರಲ್ಲಿ ಮುಳುಗಿದ ಮರಗಳ ಬೊಡ್ಡೆ. ಅರವತ್ತು ವರ್ಷ ಆದರೂ ಕೊಳೆತಿಲ್ಲ. ಲಾಂಚ್ ನಡೆಸುತ್ತಿದ್ದವರಿಗೆ ಯಾವ ಬೊಡ್ಡೆ ಎಲ್ಲಿದೆ ಅಂತ ಬಾಯಿಪಾಠವಾಗಿತ್ತು.

ಲಾಂಚ್ ಇಲ್ಲದ ಹೊತ್ತಿಗೆ ಏನು ಮಾಡುವುದು? ಸುತ್ತಬೇಕಿತ್ತು. ಒಂದೋ ಕೋಗಾರು, ಕಾರ್ಗಲ್ ಮೇಲೆ. ಇಲ್ಲ ನಿಟ್ಟೂರು, ನಗರ, ಹೊಸನಗರದ ಮೇಲೆ. 80 ಕಿಲೋಮೀಟರಿನ ಸುತ್ತು, ಅದೂ ಕಾಡಿನ ತಿರುವುಗಳಲ್ಲಿ. ನನ್ನ ತಂಗಿಗೆ ಮಳೆಗಾಲದ ಒಂದು ರಾತ್ರಿ ಒಂಬತ್ತು ಗಂಟೆಗೆ ಹೆರಿಗೆ ನೋವು ಬಂತು. ಪಕ್ಕದ ಮನೆಯವರ ಜೀಪು. ಹಿಂದಿನ ಸೀಟಿನಲ್ಲಿ ತಂಗಿ, ಅಮ್ಮ, ಊರಿನ ಒಬ್ಬ ಹಿರಿಯ ಹೆಂಗಸು. ನಾನು ಮುಂದೆ ಟಾರ್ಚ್ ಹಿಡಿದು ಕೂತಿದ್ದೆ, ರಸ್ತೆಗೆ ಮರ ಬಿದ್ದಿದೆಯಾ ಅಂತ ನೋಡಲು. ಎರಡು ಕಡೆ ಇಳಿದು ಕೊಂಬೆ ಎಳೆದು ಹಾಕಿದೆವು. ಆಸ್ಪತ್ರೆ ಮುಟ್ಟಿದಾಗ ರಾತ್ರಿ ಒಂದೂವರೆ. ಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ. ಆ ಮಗು ಈಗ ಪಿಯುಸಿ ಓದುತ್ತಿದೆ. ಎಲ್ಲ ಮನೆಗಳ ಕಥೆ ಹೀಗೇ ಮುಗಿದಿಲ್ಲ ಅನ್ನುವುದು ಇಲ್ಲಿ ಕೂತಿರುವ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಲಾಂಚಿನ ಸಿಬ್ಬಂದಿ ನಡುರಾತ್ರಿ ನಿದ್ದೆಯಿಂದ ಎದ್ದು ಬಂದು ರೋಗಿಗಳನ್ನು ದಾಟಿಸಿದ್ದೂ ಉಂಟು. ಅವರಿಗೆ ನಾವು ಋಣಿಗಳು.

ಹೊಳೆಯಾಚೆಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಮಾತು ನೀವು ಕೇಳಿರುತ್ತೀರಿ. ಹುಡುಗ ಒಳ್ಳೆಯವನು, ತೋಟ ಇದೆ, ಆದರೆ ರಾತ್ರಿ ಏನಾದರೂ ಆದರೆ? ಹೆಣ್ಣಿನ ಅಪ್ಪ ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ.

ಸೇತುವೆ ಬೇಕು ಅಂತ ಜನ ಕೇಳಿದ್ದು ನಿನ್ನೆ ಮೊನ್ನೆ ಅಲ್ಲ. ಮನವಿ ಕೊಟ್ಟರು, ಪಾದಯಾತ್ರೆ ಮಾಡಿದರು, ಧರಣಿ ಕೂತರು. ಪ್ರತಿ ಚುನಾವಣೆಯಲ್ಲೂ ಭರವಸೆ ಸಿಕ್ಕಿತು. ಆಗದೇ ಇದ್ದದ್ದಕ್ಕೆ ಕಾರಣ ಲೆಕ್ಕದ್ದು. ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಆಳವಾದ ನೀರು, ಆಚೆ ಇರುವುದು ಕೆಲವೇ ಸಾವಿರ ಜನ. ಇಷ್ಟು ಜನಕ್ಕೆ ಇಷ್ಟು ದುಡ್ಡಾ ಅನ್ನುವ ಪ್ರಶ್ನೆ ಯಾವಾಗಲೂ ಅಡ್ಡ ನಿಲ್ಲುತ್ತಿತ್ತು.

ಆ ಲೆಕ್ಕ ಬದಲಾಗಲು ದೊಡ್ಡ ಕಾರಣ ಸಿಗಂದೂರು ಅಂತ ನನ್ನ ಅಭಿಪ್ರಾಯ. ಚೌಡೇಶ್ವರಿಯ ದರ್ಶನಕ್ಕೆ ಬೇರೆ ಬೇರೆ ಜಿಲ್ಲೆಗಳಿಂದ ಜನ ಬರಲು ಶುರುವಾದರು. ಸಂಕ್ರಾಂತಿ ಜಾತ್ರೆಗೆ, ರಜೆ ದಿನಗಳಲ್ಲಿ ಹೊಳೆಬಾಗಿಲಲ್ಲಿ ವಾಹನಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತಿತ್ತು. ನಾವು ಊರಿನವರು ಆ ಸಾಲಿನ ಮಧ್ಯೆ ಹಾಲು, ಔಷಧಿ ಹಿಡಿದು ನಿಲ್ಲುತ್ತಿದ್ದೆವು. ಹೊರಗಿನವರು ಕಾಯುವುದು ಸುದ್ದಿಯಾಯಿತು. ಸೇತುವೆ ಬಂತು, ತಾಯಿಯ ದಯೆ, ಸಂತೋಷ. ಆದರೂ ಒಂದು ನೋವು ನನ್ನಲ್ಲಿ ಉಳಿದಿದೆ. ಊರು ಬಿಟ್ಟುಕೊಟ್ಟವರ ಕಷ್ಟ ಒಂದೇ ಸಾಕಾಗಬೇಕಿತ್ತು.

2018ರಲ್ಲಿ ಶಂಕುಸ್ಥಾಪನೆ. 2019ರ ಕೊನೆಗೆ ಕೆಲಸ ಶುರು. ಕೊರೊನಾ ಬಂತು, ಮಳೆಗಾಲಗಳು ಬಂದವು. ಖರ್ಚು 470 ಕೋಟಿ ರೂಪಾಯಿ ದಾಟಿತು. ಅಗಲ 16 ಮೀಟರ್. ಇದು ಸಾಗರದಿಂದ ಸಿಗಂದೂರು ಮೇಲೆ ಮರಕುಟಿಕ ಅನ್ನುವ ಜಾಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 369ಇಯ ಭಾಗ.

ಕಟ್ಟಿದ ರೀತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಪ್ರತಿ ವಾರ ಲಾಂಚಿನಲ್ಲಿ ನಿಂತು ಅದನ್ನೇ ನೋಡಿದವನು. ಆಳದ ನೀರಿನಲ್ಲಿ ಕೆಳಗಿನಿಂದ ಆಧಾರ ಕೊಟ್ಟು ಸೇತುವೆ ಕಟ್ಟಲು ಆಗುವುದಿಲ್ಲ. ಹಿನ್ನೀರಿನ ಮಟ್ಟ ಬೇಸಿಗೆಗೂ ಮಳೆಗಾಲಕ್ಕೂ ಅಷ್ಟೊಂದು ಏರಿಳಿಯುವಾಗ ಇನ್ನೂ ಕಷ್ಟ. ಅದಕ್ಕೆ ಮೊದಲು ನೀರಿನೊಳಗೆ ಕಂಬಗಳನ್ನು ಎಬ್ಬಿಸಿದರು. ಆಮೇಲೆ ಕಂಬದ ತಲೆಯಿಂದ ಎರಡೂ ಕಡೆಗೆ ತುಂಡು ತುಂಡಾಗಿ ರಸ್ತೆ ಬೆಳೆಸುತ್ತ ಹೋದರು. ಈ ಕಡೆ ಒಂದು ತುಂಡು ಸೇರಿಸಿದರೆ ಆ ಕಡೆಯೂ ಒಂದು. ಹೆಗಲ ಮೇಲೆ ಎರಡೂ ಕಡೆ ಸಮ ಭಾರ ಹೊತ್ತ ಕಾವಡಿಯ ಹಾಗೆ. ಒಂದು ಕಡೆ ಜಾಸ್ತಿಯಾದರೆ ಇನ್ನೊಂದು ಕಡೆ ಏಳುತ್ತದೆ, ಆದ್ದರಿಂದ ಎರಡೂ ಕಡೆ ಒಟ್ಟೊಟ್ಟಿಗೇ ಬೆಳೆಯಬೇಕು. ನಡುವಿನ ಸುಮಾರು 740 ಮೀಟರ್ ಭಾಗಕ್ಕೆ ಕೇಬಲ್. ಅಲ್ಲಿ ಕಂಬದ ಮೇಲೆ ಗೋಪುರ ಎತ್ತಿ, ಅಲ್ಲಿಂದ ಓರೆಯಾಗಿ ಕೇಬಲ್ ಇಳಿಸಿ ರಸ್ತೆಯನ್ನು ಹಿಡಿದಿದ್ದಾರೆ. ಬೇರೆ ಕೇಬಲ್ ಸೇತುವೆಗಳ ಚಿತ್ರ ನೋಡಿದವರು ಇಲ್ಲಿನ ಗೋಪುರ ಗಿಡ್ಡ ಅಂದುಕೊಳ್ಳಬಹುದು. ಇಲ್ಲಿ ಭಾರ ಪೂರ್ತಿ ಕೇಬಲ್ಲಿನ ಮೇಲಿಲ್ಲ. ಕೆಳಗಿನ ಕಾಂಕ್ರೀಟ್ ತೊಲೆಯೂ ಪಾಲು ಹೊರುತ್ತದೆ. ಅದಕ್ಕೇ ಗೋಪುರ ಅಷ್ಟು ಎತ್ತರ ಬೇಕಾಗಲಿಲ್ಲ.

ಎರಡು ಕಂಬದಿಂದ ಬೆಳೆದ ರಸ್ತೆ ನಡುವೆ ಬಂದು ಸೇರುವ ಮುಂಚೆ ಒಂದು ಸಣ್ಣ ಖಾಲಿ ಜಾಗ ಉಳಿದಿರುತ್ತಿತ್ತು. ಲಾಂಚಿನಿಂದ ಕತ್ತೆತ್ತಿ ನೋಡಿದರೆ ಅದರಲ್ಲಿ ಆಕಾಶದ ಒಂದು ಪಟ್ಟಿ ಕಾಣುತ್ತಿತ್ತು. ಪ್ರತಿ ವಾರ ನಮ್ಮದು ಅದೇ ಮಾತು. "ಇನ್ನೂ ಕೂಡಿಲ್ಲ." "ಈ ವಾರ ಕೂಡ್ತದೆ ನೋಡಿ." ಒಂದು ವಾರ ಹೋದಾಗ ಆ ಪಟ್ಟಿ ಇರಲಿಲ್ಲ. ಲಾಂಚಿನಲ್ಲಿದ್ದ ಒಬ್ಬ ಮುದುಕರು ಟೊಪ್ಪಿ ತೆಗೆದು ಕೈ ಮುಗಿದರು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದಿದ್ದರು. ಅಣೆಕಟ್ಟು ಕಟ್ಟಿ 61 ವರ್ಷ ಆಗಿತ್ತು. ಯಾರಿಂದ ಆಯಿತು ಅನ್ನುವ ಚರ್ಚೆ ಬೇಕಾದಷ್ಟು ನಡೆದಿದೆ, ಅದನ್ನು ಇಲ್ಲಿ ತರುವುದಿಲ್ಲ.

ಈಗ ಏನು ಬದಲಾಯಿತು? ಸಾಗರದಿಂದ ಸಿಗಂದೂರಿಗೆ ಒಂದು ಗಂಟೆ ಸಾಕು. ಕೊಲ್ಲೂರಿನ ಕಡೆಗೆ, ಕರಾವಳಿಯ ಕಡೆಗೆ ಹೋಗುವವರಿಗೆ ಇನ್ನೊಂದು ನೇರ ದಾರಿ ಸಿಕ್ಕಿತು. ಮೊದಲು ತುಮರಿ ಅಂದರೆ ರಸ್ತೆಯ ಕೊನೆ. ಈಗ ಅದು ರಸ್ತೆಯ ನಡುವಿನ ಊರು. ಸಿಮೆಂಟು, ಜಂಬಿಟ್ಟಿಗೆ ತಂದ ಲಾರಿ ದಡದಲ್ಲಿ ಕಾಯಬೇಕಾಗಿಲ್ಲ. ಆದರೆ ನನ್ನ ಪಾಲಿಗೆ ಸೇತುವೆ ಕೊಟ್ಟ ದೊಡ್ಡ ವಸ್ತು ರಾತ್ರಿ. ನಮ್ಮ ಜನಕ್ಕೆ ಅರವತ್ತು ವರ್ಷ ರಾತ್ರಿ ಇರಲಿಲ್ಲ. ಸಂಜೆ ಆರಕ್ಕೆ ದಿನ ಮುಗಿಯುತ್ತಿತ್ತು. ಈಗ ತಂಗಿಯ ಮಗ ಸಾಗರದಲ್ಲಿ ಸಂಜೆಯ ನಾಟಕ ಪೂರ್ತಿ ನೋಡಿ, ಊಟ ಮಾಡಿ, ಹತ್ತೂವರೆಗೆ ಹೊರಟು ಮನೆಗೆ ಬರುತ್ತಾನೆ. ನಮ್ಮ ಮಾವ ಮಾತ್ರ ಈಗಲೂ ಪೇಟೆಗೆ ಬಂದರೆ ನಾಲ್ಕೂವರೆಗೆ ಚೀಲ ಎತ್ತಿಕೊಳ್ಳುತ್ತಾರೆ. "ಮಾವ, ಲಾಂಚ್ ಇಲ್ಲ ಈಗ" ಅಂದರೆ, "ಹೌದಲ್ಲ" ಅಂತ ಕೂರುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಏಳುತ್ತಾರೆ.

ಸೇತುವೆಯ ಜೊತೆ ಬಂದ ಬೇರೆ ಸಂಗತಿಗಳನ್ನೂ ಹೇಳಬೇಕು. ಸೇತುವೆಯ ನಡುವೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವವರು ಮೊದಲ ದಿನದಿಂದಲೇ ಇದ್ದಾರೆ. ಅದು ಹೆದ್ದಾರಿ, ನಿಲ್ಲುವ ಜಾಗ ಅಲ್ಲ. ಪ್ಲಾಸ್ಟಿಕ್ ಬಾಟಲಿ ಹಿನ್ನೀರಿಗೆ ಬೀಳುತ್ತಿದೆ. ಕಾಡಿನ ರಸ್ತೆಯಲ್ಲಿ ವೇಗ ಜಾಸ್ತಿಯಾದರೆ ಮೊದಲು ಸಾಯುವುದು ಪ್ರಾಣಿಗಳು. ಹೊಳೆಬಾಗಿಲಲ್ಲಿ ಕಾಯುವವರಿಗೆ ಚಹಾ, ಮಂಡಕ್ಕಿ ಕೊಟ್ಟು ಬದುಕಿದವರು ಈಗ ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ. ಇನ್ನು ಮುಳುಗಡೆಯ ಜನರ ಭೂಮಿಯ ಪ್ರಶ್ನೆ. ಆಗ ಎಬ್ಬಿಸಿ ಬೇರೆ ಕಡೆ ಕೂರಿಸಿದ ಕುಟುಂಬಗಳಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರದ ಹೋರಾಟ ಮುಗಿದಿಲ್ಲ. ಸೇತುವೆ ಆಯಿತಲ್ಲ, ಇನ್ನೇನು ಅನ್ನುವವರು ಇದನ್ನು ಮರೆಯಬಾರದು. ಅದು ಬೇರೆ ಬಾಕಿ, ಇದು ಬೇರೆ.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ ಇದೆ. ನಾನು ಒಂದು ಪುಸ್ತಕದಲ್ಲಿ ನೀರಿನಡಿ ಹೋದ ಜಾಗಗಳ ಹೆಸರು ಬರೆಯುತ್ತಿದ್ದೇನೆ. ಊರಿನ ಹೆಸರು ದಾಖಲೆಯಲ್ಲಿ ಸಿಗುತ್ತದೆ. ನನಗೆ ಬೇಕಾದದ್ದು ಅದಕ್ಕಿಂತ ಸಣ್ಣದು. ಗದ್ದೆಯ ಹೆಸರು, ದೋಣಿ ಕಟ್ಟುತ್ತಿದ್ದ ಮರದ ಹೆಸರು, ಬೇಸಿಗೆಯಲ್ಲಿ ಕಾಲಿಟ್ಟು ದಾಟುತ್ತಿದ್ದ ಬಂಡೆಯ ಹೆಸರು. ಅಜ್ಜಿ ಹೇಳಿದ ಕೆಲವು ನನ್ನ ಹತ್ತಿರ ಇವೆ. ಅವರು ಅಮ್ಮನ ಮನೆಗೆ ದಾಟುತ್ತಿದ್ದ ಬಂಡೆಗೆ ಕುದುರೆಕಲ್ಲು ಅನ್ನುತ್ತಿದ್ದರಂತೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ವಾರವೇ ಕೂತು ಕೇಳಿ. ಆಗುವುದಾದರೆ ಒಮ್ಮೆ ಅವರನ್ನು ಸೇತುವೆಯ ಮೇಲೆ ನಿಧಾನವಾಗಿ ಕರೆದುಕೊಂಡು ಹೋಗಿ. ಎಡಕ್ಕೆ ಬಲಕ್ಕೆ ಕೈ ತೋರಿಸುತ್ತಾರೆ. ತೋರಿಸಿದಾಗ ಬರೆದುಕೊಳ್ಳಿ.